ನಂದಿ ಹತ್ತುವಾಗ ಬೆವರು, ಇಳಿಯುವಾಗ ನಡುಕ: ಫುಲ್ ಸ್ಲೀವ್ ಸೈಕ್ಲಿಂಗ್ ಜೆರ್ಸಿಗೆ ಯಾವ ಬಟ್ಟೆ?

ಪ್ರಶ್ನೆ: ಸರ್, ನಾನಿರೋದು ಯಲಹಂಕದಲ್ಲಿ. ವಾರಕ್ಕೊಂದು ಸಲ ನಂದಿ ಬೆಟ್ಟಕ್ಕೆ ಸೈಕಲ್‌ನಲ್ಲಿ ಹೋಗ್ತೀನಿ. ಬೆಳಿಗ್ಗೆ 5ಕ್ಕೆ ಹೊರಟಾಗ ಚಳಿ, ಹತ್ತುವಾಗ ಬೆವರಲ್ಲೇ ಸ್ನಾನ, ಇಳಿಯುವಾಗ ಹಲ್ಲು ಕಟಕಟ, ವಾಪಸ್ ಬರೋ ಹೊತ್ತಿಗೆ ಸುಡು ಬಿಸಿಲು. ಹೋದ ವರ್ಷ ಒಳಗಡೆ ಮೆತ್ತಗೆ ಉಣ್ಣೆ ಥರ ಇರೋ ಥರ್ಮಲ್ ಜೆರ್ಸಿ ತಗೊಂಡೆ, ಅದನ್ನ ಹಾಕ್ಕೊಂಡ್ರೂ ನಡುಕ ನಿಲ್ಲಲಿಲ್ಲ. ಈಗ ಮೆರಿನೋ ಕುರಿ ಉಣ್ಣೇದು ತಗೊಳ್ಳಲಾ, ವಿಂಡ್‌ಪ್ರೂಫಾ, ಇಲ್ಲ ವಾಟರ್‌ಪ್ರೂಫೇ ತಗೊಂಡುಬಿಡಲಾ? ಮುಂದಿನ ತಿಂಗಳು 300 ಕಿ.ಮೀ. ಬ್ರೆವೆ (ಇಂತಿಷ್ಟು ಗಂಟೇಲಿ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಬೇರೆ ಇದೆ. ಇನ್ನೊಂದು, ನನ್ನ ಕೈ ಉದ್ದ, ಜೆರ್ಸಿ ತೋಳು ಸಾಲಲ್ಲ. ಒಂದು ಸೈಜ್ ದೊಡ್ಡದು ತಗೊಂಡ್ರೆ ಆಗುತ್ತಾ?

ಉತ್ತರ: ಆ ಥರ್ಮಲ್ ಜೆರ್ಸಿ ಹಾಕ್ಕೊಂಡಿದ್ದಕ್ಕೇ ನಿಮಗೆ ನಡುಕ ಬಂದಿದ್ದು ಸ್ವಾಮಿ. ಬೇಜಾರು ಮಾಡ್ಕೋಬೇಡಿ, ನಾನೂ ಇದೇ ತಪ್ಪು ಮಾಡಿದೀನಿ, ಅದೂ ನಿಟ್ ಬಟ್ಟೆ ಫ್ಯಾಕ್ಟರೀಲಿ ಕೆಲಸ ಮಾಡ್ಕೊಂಡು, ಬಟ್ಟೆ ಮುಟ್ಟಿದ್ರೆ ಅದು ಎಷ್ಟು ಜಿಎಸ್ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ) ಅಂತ ಹೇಳೋ ಧೈರ್ಯ ಇಟ್ಕೊಂಡು! ಹತ್ತನ್ನೆರಡು ವರ್ಷದ ಹಿಂದೆ ಜನವರಿ ತಿಂಗಳಲ್ಲಿ ದಪ್ಪ ಜೆರ್ಸಿ ಹಾಕ್ಕೊಂಡು ನಂದಿ ಹತ್ತಿ, ಮೇಲೆ ನಿಂತು ತೋಳಿನ ತುದಿ ಹಿಂಡಿದ್ರೆ ಬೆವರು ತೊಟ್ಟಿಕ್ತಾ ಇತ್ತು. ಇಳಿಯುವಾಗ ಎಷ್ಟು ನಡುಗಿದೆ ಅಂದ್ರೆ ಹ್ಯಾಂಡಲ್ ಅಲ್ಲಾಡಿ ಮುಂದಿನ ಚಕ್ರವೇ ಅದುರೋಕೆ ಶುರುವಾಯ್ತು, ಇಳಿದು ರಸ್ತೆ ಪಕ್ಕದ ಕಟ್ಟೆ ಮೇಲೆ ಕೂತ್ಕೊಂಡೆ. ಹಿಂದೆ ಬರ್ತಿದ್ದ ಗೆಳೆಯ ಹಾಕಿದ್ದು ಬರೀ ತೆಳು ಪಾಲಿಯೆಸ್ಟರ್, ಅದರ ಮೇಲೊಂದು ಮಡಚಿದ್ರೆ ಮುಷ್ಟಿಯಷ್ಟಾಗೋ ತೋಳಿಲ್ಲದ ವೆಸ್ಟ್, ಅಷ್ಟೇ. ಅವನು ಆರಾಮಾಗಿ ಇಳಿದುಹೋದ.

ಯಾಕೆ ಹೀಗಾಗುತ್ತೆ ಅಂತ ಲೆಕ್ಕದಲ್ಲೇ ನೋಡೋಣ, ಇದು ತಲೆಗೆ ಹೋದ್ರೆ ಅಂಗಡೀಲಿ ಯಾರೂ ನಿಮಗೆ ಟೋಪಿ ಹಾಕೋಕಾಗಲ್ಲ. ಸೈಕಲ್ ತುಳಿಯುವಾಗ ನಮ್ಮ ಮೈ ಸುಡೋ ಶಕ್ತೀಲಿ ಪೆಡಲ್‌ಗೆ ಹೋಗೋದು 20-25 ಪರ್ಸೆಂಟ್ ಮಾತ್ರ, ಉಳಿದಿದ್ದೆಲ್ಲ ಬಿಸಿ. ಅಂದ್ರೆ ನೀವು ಏರಲ್ಲಿ 200 ವಾಟ್ ತುಳಿತಿದ್ರೆ 600ರಿಂದ 800 ವಾಟ್ ಬಿಸಿ ಒಳಗಿಂದ ಹೊರಗೆ ಹೋಗಲೇಬೇಕು, ಅದೂ ಗಂಟೆಗೆ 10-12 ಕಿ.ಮೀ. ವೇಗದಲ್ಲಿ, ಗಾಳಿ ಹೆಚ್ಚು ಬೀಸದೇ ಇರೋವಾಗ. ಹಂಗಾಗಿ ಬೆವರು. ಮೇಲಿಂದ ಇಳಿಯೋಕೆ ಶುರು ಮಾಡಿದ್ ಕೂಡ್ಲೇ ಕಾಲು ನಿಲ್ಲುತ್ತೆ, ಬಿಸಿ ನೂರು ನೂರಿಪ್ಪತ್ತು ವಾಟ್‌ಗೆ ಇಳಿಯುತ್ತೆ, ಸುಮ್ನೆ ಕುರ್ಚೀಲಿ ಕೂತೋರಷ್ಟೇ. ಒಂದು ಗ್ರಾಂ ಬೆವರು ಆವಿ ಆಗೋಕೆ ಸುಮಾರು 2.4 ಕಿಲೋಜೂಲ್ ಬೇಕು. ಜೆರ್ಸೀಲಿ ನಿಂತಿರೋ ಬೆವರಲ್ಲಿ 50 ಗ್ರಾಂ ಮಾತ್ರ ಆ 15 ನಿಮಿಷದ ಇಳಿಜಾರಲ್ಲಿ ಆರಿತು ಅಂತಿಟ್ಕೊಳ್ಳಿ, 120 ಕಿಲೋಜೂಲ್, ಸೆಕೆಂಡಿಗೆ ಭಾಗಿಸಿದ್ರೆ 130 ವಾಟ್ ಚಿಲ್ರೆ. ಅದೆಲ್ಲಾ ನಿಮ್ಮ ಮೈಯಿಂದ್ಲೇ ಹೋಗಲ್ಲ, ಸ್ವಲ್ಪ ಗಾಳಿಯಿಂದ್ಲೂ ಎಳ್ಕೊಳ್ಳುತ್ತೆ, ಆದ್ರೂ ಸಂಪಾದನೆಗಿಂತ ಖರ್ಚು ಜಾಸ್ತಿ ಅಂತಾಯ್ತಲ್ಲ. ಇದರ ಮೇಲೆ ಗಾಳಿ ಹೊಡೆತ ಬೇರೆ: 10 ಡಿಗ್ರಿ ಗಾಳೀಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದ್ರೆ ಒಣಗಿರೋ ಚರ್ಮಕ್ಕೇ ಅದು 6 ಡಿಗ್ರಿ ಥರ ಅನ್ನಿಸುತ್ತೆ, ಒದ್ದೆ ಚರ್ಮದ ಕಥೆ ಬಿಡಿ.

ಹಂಗಾಗಿ ನಮ್ಮ ಕಡೆ ಚಳಿಗೆ ಅಂತ ಬೆಚ್ಚಗಿನ ಬಟ್ಟೆ ಹುಡುಕೋದು ಉಲ್ಟಾ ದಾರಿ. ಮೇಲೆ ತಲುಪೋ ಹೊತ್ತಿಗೆ ಬಟ್ಟೇಲಿ ನೀರು ಎಷ್ಟು ಕಮ್ಮಿ ಉಳಿದಿರುತ್ತೆ, ಇಳಿಯುವಾಗ ಎದೆಗೆ ಗಾಳಿ ಎಷ್ಟು ಕಮ್ಮಿ ಬಡಿಯುತ್ತೆ, ಇವೆರಡನ್ನೇ ನೋಡಿ. ಈ ಎರಡು ಕೆಲ್ಸಾನೂ ಒಂದೇ ಬಟ್ಟೆ ಕೈಲಿ ಮಾಡಿಸೋಕೆ ಹೋಗೋದ್ರಿಂದಾನೇ ದುಡ್ಡು ವೇಸ್ಟ್ ಆಗೋದು.

ಈಗ ಬಟ್ಟೆ ವಿಷ್ಯ. ಜೆರ್ಸಿ ಲೇಬಲ್ ಮೇಲೆ ವಿಕಿಂಗ್, ವಿಕಿಂಗ್ ಅಂತ ಬರೆದಿರ್ತಾರಲ್ಲ, ಅದು ಬೇರೇನಲ್ಲ, ನಮ್ಮ ಹಣತೆ ಬತ್ತಿ ಮಾಡೋ ಕೆಲ್ಸಾನೇ. ಎಳೆಗಳ ಸಂದೀಲಿ ಎಣ್ಣೆ ತಾನಾಗೇ ಮೇಲೆ ಏರುತ್ತಲ್ಲ, ಹಂಗೇ ಬೆವರು ಒಳಗಿಂದ ಹೊರಮೈಗೆ ಬಂದು ಅಗಲಕ್ಕೆ ಹರಡ್ಕೊಳ್ಳುತ್ತೆ. ಆದ್ರೆ ಹಣತೇಲಿ ದೀಪ ಉರಿದ್ರೆ ತಾನೇ ಬತ್ತಿ ಮತ್ತೆ ಎಣ್ಣೆ ಎಳೆಯೋದು? ಇಲ್ಲಿ ದೀಪದ ಜಾಗದಲ್ಲಿರೋದು ಗಾಳಿ. ಗಾಳಿ ಬೆವರನ್ನ ಆರಿಸ್ತಾ ಇದ್ರೆ ಬಟ್ಟೆ ಎಳೀತಾ ಇರುತ್ತೆ, ಗಾಳಿ ನಿಂತ್ರೆ ಅಥವಾ ಗಾಳೀಲೇ ತೇವ ತುಂಬಿದ್ರೆ ಎಂಥಾ ದುಬಾರಿ ಬಟ್ಟೆ ಆದ್ರೂ ಎಣ್ಣೆ ಕುಡಿದ ಬತ್ತಿ ಥರ ಸುಮ್ನೆ ಬಿದ್ದಿರುತ್ತೆ. ಮಂಗಳೂರಿನ ಸೈಕಲಿಸ್ಟುಗಳು ನಮ್ಮ ಬೆಂಗಳೂರಿನವರ ಜೆರ್ಸಿ ರಿವ್ಯೂ ಓದಿ ನಗೋದು ಇದಕ್ಕೇ.

ಯಾವ ನೂಲು ಎಷ್ಟು ನೀರು ಕುಡಿಯುತ್ತೆ ಅನ್ನೋಕೆ ನಮ್ಮ ಟ್ರೇಡಲ್ಲಿ ಒಂದು ಲೆಕ್ಕ ಇದೆ, ಮಾಮೂಲಿ ತೇವದ ಗಾಳೀಲಿ ನೂಲು ತನ್ನೊಳಗೆ ಎಳ್ಕೊಳ್ಳೋ ನೀರು. ಪಾಲಿಯೆಸ್ಟರ್‌ದು 0.4 ಪರ್ಸೆಂಟ್, ನೈಲಾನ್‌ದು 4, ಹತ್ತಿದು ಹೆಚ್ಚುಕಮ್ಮಿ 8, ಉಣ್ಣೆದು 16. ಅಂದ್ರೆ ಪಾಲಿಯೆಸ್ಟರ್ ಎಳೆ ಒಳಗೆ ನೀರು ಇಳಿಯೋದೇ ಇಲ್ಲ, ಎಳೆಗಳ ನಡುವೆ ಮಾತ್ರ ನಿಲ್ಲುತ್ತೆ, ಅದಕ್ಕೇ ಬೇಗ ಆರುತ್ತೆ. ಇದೊಂದೇ ಕಾರಣಕ್ಕೆ ಬೇಸಿಗೆ ಜೆರ್ಸಿ ಎಲ್ಲ ಪಾಲಿಯೆಸ್ಟರ್. ಡ್ಯೂಪಾಂಟ್ ಕಂಪನಿ 1986ರಲ್ಲಿ ಕೂಲ್‌ಮ್ಯಾಕ್ಸ್ ಅಂತ ತಂದಾಗ ಮಾಡಿದ್ದೂ ಇಷ್ಟೇ, ಎಳೆ ಗುಂಡಗಿರೋ ಬದಲು ಉದ್ದಕ್ಕೂ ಕಾಲುವೆ ಥರ ಗೆರೆ ಇರೋ ಹಾಗೆ ತೆಗೆದ್ರು, ಬೆವರು ಆ ಕಾಲುವೇಲಿ ಓಡುತ್ತೆ. ಇವತ್ತು ತಿರುಪ್ಪೂರಲ್ಲಿ ಸಿಗೋ ಸಾಧಾರಣ ಜೆರ್ಸಿ ಬಟ್ಟೇಲೂ ಇಂಥ ಎಳೆ ಇರುತ್ತೆ, ಹೆಸರು ಬೇರೆ ಬೇರೆ. ಹಂಗಾಗಿ ಟ್ಯಾಗ್ ಮೇಲಿನ ಹೆಸರಿಗೆ ದುಡ್ಡು ಕೊಡಬೇಡಿ.

ನಿಮ್ಮ ಥರ್ಮಲ್ ಜೆರ್ಸೀನೂ ಪಾಲಿಯೆಸ್ಟರೇ ಇರಬೇಕು, ಲೇಬಲ್ ನೋಡಿ. ಹಾಗಾದ್ರೆ ಅದು ಯಾಕೆ ಕೈ ಕೊಡ್ತು? ಅದು ರೂಬೆ ಅನ್ನೋ ಜಾತಿ ಬಟ್ಟೆ, ಒಳಮೈಯನ್ನ ಬ್ರಶ್ ಮಾಡಿ ರೋಮ ಎಬ್ಬಿಸಿರ್ತಾರೆ. ಆ ರೋಮದ ಸಂದೀಲಿ ಗಾಳಿ ನಿಂತ್ರೆ ಬೆಚ್ಚಗೆ, ಅದೇ ಜಾಗದಲ್ಲಿ ಬೆವರು ನಿಂತ್ರೆ ಒದ್ದೆ ಟವೆಲ್. ಬೇಸಿಗೆ ಜೆರ್ಸಿ ಬಟ್ಟೆ 100ರಿಂದ 140 ಜಿಎಸ್ಎಂ ಇದ್ರೆ ಇದು 200ರಿಂದ 250, ಅಂದ್ರೆ ನೀರು ಹಿಡಿಯೋ ಜಾಗಾನೂ ಎರಡು ಪಟ್ಟು. ಯುರೋಪಲ್ಲಿ 5-8 ಡಿಗ್ರೀಲಿ ಇಡೀ ದಿನ ಸಮತಟ್ಟು ರಸ್ತೇಲಿ ತುಳಿಯೋರಿಗೆ ಮಾಡಿದ್ದು ಅದು, ಅಲ್ಲಿ ಬಲು ಚೆನ್ನಾಗಿ ಕೆಲಸ ಮಾಡುತ್ತೆ. ನಂದಿ ಬುಡದಲ್ಲಿ ಡಿಸೆಂಬರ್ ಬೆಳಗ್ಗೆ 14-15 ಡಿಗ್ರಿ, ಎದುರಿಗೆ ಸುಮಾರು 8 ಕಿ.ಮೀ. ಏರು, ಅದಕ್ಕಲ್ಲ. ಅದನ್ನ ಬಿಸಾಕಬೇಡಿ, ಜನವರೀಲಿ ಊಟಿ ಕಡೆ ಹೋದ್ರೆ ಬೆಳಗ್ಗೆ ಬೆಳಗ್ಗೆ ಅದೇ ನಿಮ್ಮ ದೇವರು. ಡಬ್ಲಿನ್‌ಗೋ ಮ್ಯೂನಿಕ್‌ಗೋ ಹೋಗಿರೋ ತಮ್ಮ ತಂಗಿ ಇದ್ರೆ ಅವರಿಗೆ ಕೊಟ್ಟುಬಿಡಿ, ಹರಸ್ತಾರೆ.

ಮೆರಿನೋ ಬಗ್ಗೆ ನನಗೆ ಪ್ರೀತಿ ಇದೆ, ಆದ್ರೂ ನಂದಿಗೆ ಬೇಡ ಅಂತೀನಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಎಳ್ಕೊಂಡ್ರೂ ಮುಟ್ಟಿದ್ರೆ ಒದ್ದೆ ಅನ್ನಿಸಲ್ಲ, ತೇವ ಎಳ್ಕೊಳ್ಳುವಾಗ ಸಣ್ಣಗೆ ಬಿಸೀನೂ ಬಿಡುತ್ತೆ, ಇದು ಕಥೆ ಅಲ್ಲ, ಲ್ಯಾಬಲ್ಲಿ ಅಳೆಯೋ ವಿಷ್ಯ. ನಮ್ಮ ಕುರುಬರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಮಳೇಲಿ ಕುರಿ ಹಿಂದೆ ಹೋಗೋವಾಗ ತಲೆ ಮೇಲಿಂದ ಇಳಿಬಿಟ್ಟ ಕಂಬಳಿ ನೆನೆದ್ರೂ ಒಳಗೆ ಬೆಚ್ಚಗಿರುತ್ತೆ. ಕಂಬಳಿ ಚುಚ್ಚುತ್ತೆ, ಯಾಕಂದ್ರೆ ದಖ್ಖನಿ ಕುರಿ ಉಣ್ಣೆ ಎಳೆ ದಪ್ಪ. ಮೈಗಂಟೋ ಬಟ್ಟೆಗೆ ಬಳಸೋ ಮೆರಿನೋ 17ರಿಂದ 20 ಮೈಕ್ರಾನ್ ಇರೋದ್ರಿಂದ ಚರ್ಮಕ್ಕೆ ತಾಗಿದ್ರೆ ಬಾಗುತ್ತೆ, ಚುಚ್ಚಲ್ಲ. ವಾಸನೆ ಹಿಡಿಯೋದೂ ಕಮ್ಮಿ. ಆದ್ರೆ ಕುಡಿದ ನೀರನ್ನ ಬಿಡೋದು ನಿಧಾನ, ನಂದೀಲಿ ನಿಮಗೆ ಸಿಗೋದು ಮೇಲೆ ಒಂದು ಟೀ ಕುಡಿಯೋವಷ್ಟು ಹೊತ್ತು, ಅಷ್ಟರಲ್ಲಿ ಮೆರಿನೋ ಆರಲ್ಲ. ಜೊತೆಗೆ ಒದ್ದೆ ಆದ್ರೆ ಜೋತು ಬೀಳುತ್ತೆ, ಹಿಂದಿನ ಜೇಬಲ್ಲಿ ಫೋನು, ಎರಡು ಬಾಳೆಹಣ್ಣು, ಟ್ಯೂಬು ಇಟ್ರೆ ಸೀಟಿನ ಹತ್ರ ಬಂದು ನಿಲ್ಲುತ್ತೆ.

ಬ್ರೆವೆ ಕಥೆ ಬೇರೆ. 300 ಕಿ.ಮೀ.ಗೆ 20 ಗಂಟೆ ಟೈಮು, ನೀವು ಯಾರ ಜೊತೇಲೂ ರೇಸ್ ಮಾಡಲ್ಲ, ಬೆವರು ಸುರಿಯೋ ಥರ ತುಳಿಯೋದೂ ಇಲ್ಲ. ಹಿರಿಯೂರು ಕಡೆ ಹೋಗಿ ಬರೋ ರೂಟ್ ಆದ್ರೆ ಬೆಳಗಿನ ಜಾವ ಚಳಿ, ಮಧ್ಯಾಹ್ನ ಬಯಲುಸೀಮೆ ಬಿಸಿಲು, ರಾತ್ರಿ ಮತ್ತೆ ತಂಪು, ಎಲ್ಲಾ ನಿಧಾನಕ್ಕೆ ಬದಲಾಗುತ್ತೆ, ಇಂಥ ದಿನಕ್ಕೆ 150 ಜಿಎಸ್ಎಂ ಸುತ್ತಮುತ್ತ ಇರೋ ಮೆರಿನೋ-ಪಾಲಿಯೆಸ್ಟರ್ ಮಿಕ್ಸ್ ತುಂಬಾ ಹಿತ. ಶುದ್ಧ ಮೆರಿನೋ ಬೇಡ, ಅರ್ಧಂಬರ್ಧ ಇರೋದು ಸಾಕು, ಬಾಳಿಕೆ ಬರುತ್ತೆ. 15 ಗಂಟೆ ಆದ್ಮೇಲೆ ಹೋಟೆಲ್‌ಗೆ ಊಟಕ್ಕೆ ಹೋದಾಗ ಪಕ್ಕದ ಟೇಬಲ್‌ನವರು ಎದ್ದು ಹೋಗದೇ ಇರೋದು ಕೂಡ ಒಂದು ಲಾಭವೇ. ರಾತ್ರಿಗೆ ರಿಫ್ಲೆಕ್ಟಿವ್ ವೆಸ್ಟ್ ಕಡ್ಡಾಯ ತಾನೇ, ಬರೀ ಬಲೆ ಥರ ಇರೋ ಮೆಷ್‌ದೇ ತಗೊಳ್ಳಿ, ಪ್ಲಾಸ್ಟಿಕ್ ಥರದ್ದು ತಗೊಂಡ್ರೆ ಒಳಗಿನ ಮೆರಿನೋ ಆಟ ಅಲ್ಲಿಗೆ ಮುಗೀತು.

ವಿಂಡ್‌ಪ್ರೂಫ್ ಜೆರ್ಸಿ ಅಂದ್ರೆ ಎರಡು ಬಟ್ಟೆ ನಡುವೆ ತೆಳ್ಳಗಿನ ಪೊರೆ ಅಂಟಿಸಿರೋದು. ಇದರ ಮಾತು ಬಂದಾಗೆಲ್ಲ 2013ರ ಮಾರ್ಚ್‌ನಲ್ಲಿ ನಡೆದ ಇಟಲಿಯ ಮಿಲಾನ್-ಸಾನ್ ರೆಮೊ ಸೈಕಲ್ ರೇಸ್ ಹೇಳ್ತಾರೆ. ಹಿಮ ಬಿದ್ದು ರೇಸನ್ನ ಮಧ್ಯದಲ್ಲೇ ನಿಲ್ಲಿಸಿ, ಸೈಕಲಿಸ್ಟುಗಳನ್ನ ಬಸ್‌ನಲ್ಲಿ ಮುಂದಕ್ಕೆ ಸಾಗಿಸಿ ಮತ್ತೆ ಶುರು ಮಾಡಿದ್ರು. ಅವತ್ತು ಬೇರೆ ಕಂಪನಿ ಸ್ಪಾನ್ಸರ್ ಮಾಡ್ತಿದ್ದ ಟೀಮ್‌ನವರು ಕೂಡ ಕ್ಯಾಸ್ಟೆಲಿ ಕಂಪನಿಯ ಗಾಬಾ ಅನ್ನೋ ಜೆರ್ಸಿ ಹಾಕ್ಕೊಂಡು, ಲೋಗೋ ಮೇಲೆ ಮಸಿ ಬಳಿದು ಇಳಿದಿದ್ರು. ಆ ಗಾಬಾ ಪೂರ್ತಿ ವಾಟರ್‌ಪ್ರೂಫ್ ಏನಲ್ಲ, ಹಿಗ್ಗೋ ವಿಂಡ್‌ಸ್ಟಾಪರ್ ಬಟ್ಟೆ ಅಷ್ಟೇ, ಗಾಳಿ ತಡೆದಿದ್ರಿಂದ ಒದ್ದೆ ಆದ್ರೂ ಮೈ ತಡ್ಕೊಂಡ್ತು. ಆದ್ರೆ ಸೊನ್ನೆ ಡಿಗ್ರಿ ಹತ್ರ ಕೆಲಸ ಮಾಡಿದ ಬಟ್ಟೇನ ನೀವು 14 ಡಿಗ್ರೀಲಿ ಹಾಕ್ಕೊಂಡು ನಂದಿ ಹತ್ತಿದ್ರೆ ಕುಕ್ಕರ್‌ನಲ್ಲಿ ಕೂತಂಗೆ, ಮೂರನೇ ತಿರುವಲ್ಲೇ ಜಿಪ್ ಬಿಚ್ಚಿ ಹಾರಾಡಿಸ್ಕೊಂಡು ಹೋಗ್ತೀರ. ಪೊರೆ ಬೇಕು, ಇಳಿಯೋ 15-20 ನಿಮಿಷಕ್ಕೆ ಮಾತ್ರ ಬೇಕು, ಎದೆ ಮೇಲೆ ಮಾತ್ರ ಬೇಕು. ಅದಕ್ಕೇ ಜೇಬಿಗೆ ಹೋಗೋ ವಿಂಡ್ ವೆಸ್ಟ್. ಮುಂದೆ ಗಾಳಿ ತಡೆಯೋ ತೆಳು ನೈಲಾನ್, ಹಿಂದೆ ಬರೀ ಮೆಷ್, ತೂಕ ನೂರು ಗ್ರಾಂ ಒಳಗೆ. ಹಳೇ ಕಾಲದಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲಿಸ್ಟುಗಳು ಬೆಟ್ಟದ ತುದೀಲಿ ಜನರ ಕೈಯಿಂದ ನ್ಯೂಸ್‌ಪೇಪರ್ ಇಸ್ಕೊಂಡು ಎದೆಗೆ ತುರುಕ್ಕೊಂಡು ಇಳೀತಿದ್ರು. ವೆಸ್ಟ್ ಮರೆತ ದಿನ ನಾನೂ ಟೀ ಅಂಗಡೀಲಿ ಹಿಂದಿನ ದಿನದ ಪೇಪರ್ ಕೇಳಿ ಇಸ್ಕೊಂಡು ಇಳಿದಿದೀನಿ, ನಾಲ್ಕು ಹಾಳೆ ಸಾಕು, ಒದ್ದೆ ಹೀರುತ್ತೆ, ಗಾಳೀನೂ ತಡೆಯುತ್ತೆ. ಮನೆಗೆ ಬಂದು ನೋಡಿದ್ರೆ ಬಿಳಿ ಜೆರ್ಸಿ ಒಳಗೆ ಕ್ಲಾಸಿಫೈಡ್ ಜಾಹೀರಾತು ಅಚ್ಚಾಗಿತ್ತು!

ವಾಟರ್‌ಪ್ರೂಫ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಇಲ್ಲೇ ಜನ ಹೆಚ್ಚು ದುಡ್ಡು ಕಳ್ಕೊಳ್ಳೋದು. ಬೆವರ ಆವಿ ಪೊರೆ ದಾಟಿ ಹೊರಗೆ ಹೋಗುತ್ತೆ, ಮಳೆ ಒಳಗೆ ಬರಲ್ಲ ಅಂತಾರೆ. ನಿಜವೇ. ಆದ್ರೆ ಆವಿಯನ್ನ ಹೊರಗೆ ತಳ್ಳೋದು ಒಳಗಿನ ಮತ್ತು ಹೊರಗಿನ ಆವಿ ಒತ್ತಡದ ವ್ಯತ್ಯಾಸ. 33 ಡಿಗ್ರಿ ಚರ್ಮದ ಹತ್ರ ತೇವ ತುಂಬಿದ ಗಾಳಿ ಒತ್ತಡ ಸುಮಾರು 5 ಕಿಲೋಪಾಸ್ಕಲ್. ಯುರೋಪಿನ 5 ಡಿಗ್ರಿ ಮಳೇಲಿ ಹೊರಗಿನದು 0.9, ವ್ಯತ್ಯಾಸ 4ಕ್ಕಿಂತ ಜಾಸ್ತಿ. ಆಗುಂಬೆ ಮಳೇಲಿ 23 ಡಿಗ್ರಿ, ಹೊರಗೇ 2.8 ಇರುತ್ತೆ, ವ್ಯತ್ಯಾಸ 2 ಚಿಲ್ರೆ. ತಳ್ಳೋ ಶಕ್ತೀನೇ ಅರ್ಧ! ಅದೇ ಜಾಕೆಟ್, ಅದೇ ಪೊರೆ, ಅದೇ 10 ಸಾವಿರ ಮಿ.ಮೀ. ವಾಟರ್‌ಪ್ರೂಫ್ ರೇಟಿಂಗ್. ಹಂಗಾಗಿ ವಿದೇಶದ ರಿವ್ಯೂಲಿ ಒಳಗೆ ಒಣಗಿತ್ತು ಅಂತ ಓದಿ ತರಿಸ್ಕೊಂಡು ಮಲೆನಾಡಲ್ಲಿ ಹಾಕ್ಕೊಂಡ್ರೆ ಹೊರಗಿಂದ ಮಳೆ ಬರಲ್ಲ, ಒಳಗಿಂದಾನೇ ಮಳೆ. ನಮ್ಮ ಮುಂಗಾರಲ್ಲಿ ನೆನೆಯೋದು ತಪ್ಪಲ್ಲ, ನೆನೆದು ಬೇಗ ಆರೋ ತೆಳು ಜೆರ್ಸೀನೇ ಮೇಲು, ಬೆಟ್ಟ ಇಳಿಯುವಾಗ ಮಾತ್ರ ಮೇಲೊಂದು ಶೆಲ್ (ತೆಳು ಹೊರ ಜಾಕೆಟ್) ಹಾಕ್ಕೊಳ್ಳಿ. ಮಲೆನಾಡಿನ ಗೊರಬು ನೋಡಿದೀರಾ, ನಾಟಿ ಮಾಡೋರು ಬಗ್ಗಿದ ಬೆನ್ನಿಗೆ ಮಾತ್ರ ಮುಚ್ಚಿಗೆ, ಮುಂದೆ ಪೂರ್ತಿ ಗಾಳಿ. ಬೆವರು ಬರೋ ಕೆಲಸಕ್ಕೆ ಮಳೆ ಬಟ್ಟೆ ಹೆಂಗಿರಬೇಕು ಅನ್ನೋದು ಅವರಿಗೆ ಯಾವಾಗ್ಲೋ ಗೊತ್ತಿತ್ತು. ಸೈಕಲ್‌ಗೆ ಮಾತ್ರ ಉಲ್ಟಾ, ಮಳೆ ಎದುರಿಂದ ಬರುತ್ತೆ.

ಈ ಮಧ್ಯೆ ಇನ್ನೊಂದು ಜಾತಿ ಇದೆ, ಜೆರ್ಸಿ ಬಟ್ಟೆಗೇ ನೀರು ಜಾರೋ ಲೇಪನ ಕೊಟ್ಟಿರೋದು, ಕೆಸುವಿನೆಲೆ ಮೇಲೆ ಹನಿ ಉರುಳೋ ಥರ. ತುಂತುರು ಮಳೆಗೆ, ಮುಂದಿನ ಚಕ್ರ ಎರಚೋ ನೀರಿಗೆ ಒಳ್ಳೇದು. ಅರ್ಧ ಗಂಟೆ ಜೋರು ಮಳೆಗೆ ಸೋಲುತ್ತೆ. ಹೊಸದಾಗಿದ್ದಾಗ ಚೆಂದ, ಧೂಳು, ಬೆವರಿನ ಉಪ್ಪು, ಸನ್‌ಸ್ಕ್ರೀನ್ ಎಣ್ಣೆ ಸೇರಿ ಲೇಪನ ಮಂಕಾಗುತ್ತೆ. ಮೊದಲು ಇದಕ್ಕೆ ಫ್ಲೋರಿನ್ ಇರೋ ಕೆಮಿಕಲ್ ಹಾಕ್ತಿದ್ರು, ಅವು ಮಣ್ಣಲ್ಲಿ ನೀರಲ್ಲಿ ನಾಶವಾಗದೇ ಉಳಿಯುತ್ತೆ ಅಂತ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳು 2025ರಿಂದ ಬಟ್ಟೇಲಿ ಅದನ್ನ ನಿಷೇಧಿಸಿವೆ, ಹಂಗಾಗಿ ಈಗ ಬರ್ತಿರೋದು ಹೆಚ್ಚಾಗಿ ಫ್ಲೋರಿನ್ ಇಲ್ಲದ್ದು. ನೀರು ಜಾರಿಸುತ್ತೆ, ಎಣ್ಣೆ ಜಿಡ್ಡು ತಡೆಯಲ್ಲ, ಅದಕ್ಕೇ ಮೊದಲಿಗಿಂತ ಬೇಗ ಮಂಕಾಗುತ್ತೆ. ಚೆನ್ನಾಗಿ ಒಗೆದು ಒಣಗಿಸಿ, ಲೇಬಲ್‌ನಲ್ಲಿ ಬೇಡ ಅಂತ ಇಲ್ಲದಿದ್ರೆ ಮೇಲೊಂದು ತೆಳು ಬಟ್ಟೆ ಹಾಕಿ ಕಡಿಮೆ ಬಿಸೀಲಿ ಇಸ್ತ್ರಿ ಆಡಿಸಿದ್ರೆ ಸ್ವಲ್ಪ ಜೀವ ಬರುತ್ತೆ.

ಹಾಗಾದ್ರೆ ನೀವು ತಗೋಬೇಕಾಗಿರೋದು: 110ರಿಂದ 130 ಜಿಎಸ್ಎಂ ಪಾಲಿಯೆಸ್ಟರ್, ಐದ್ಹತ್ತು ಪರ್ಸೆಂಟ್ ಲೈಕ್ರಾ (ಹಿಗ್ಗೋ ನೂಲು), ಬೆನ್ನು ಮತ್ತೆ ಕಂಕುಳು ಮೆಷ್, ಪೂರ್ತಿ ಬಿಚ್ಚೋ ಜಿಪ್. ಜಿಪ್ಪನ್ನ ಯಾರೂ ಟೆಕ್ನಾಲಜಿ ಅಂತ ಹೇಳಲ್ಲ, ಆದ್ರೆ ಹತ್ತುವಾಗ ಎದೆ ಅರ್ಧ ಬಿಚ್ಚಿ, ಮೇಲೆ ತಲುಪೋಕೆ ಒಂದು ಕಿ.ಮೀ. ಮುಂಚೆ ವೇಗ ಕಮ್ಮಿ ಮಾಡಿ ಪೂರ್ತಿ ಬಿಚ್ಚಿದ್ರೆ ಯಾವ ಬಟ್ಟೇನೂ ಮಾಡದ ಕೆಲಸ ಅದು ಮಾಡುತ್ತೆ. ಫುಲ್ ಸ್ಲೀವ್ ಬೇಕಾ ಅಂದ್ರೆ ಬೇಕು, ಚಳಿಗಿಂತ ಹೆಚ್ಚಾಗಿ ವಾಪಸ್ ಬರುವಾಗಿನ ಬಿಸಿಲಿಗೆ. ಯುಪಿಎಫ್ 50 ಅಂತ ಬರೆದಿದ್ರೆ ಸುಡೋ ಕಿರಣದಲ್ಲಿ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತೆ ಅಂತ ಅರ್ಥ. ಆದ್ರೆ ಬಟ್ಟೆ ಎಳೆದು ಬಿಗಿಯಾದಷ್ಟೂ ಹೆಣಿಗೆಯ ಕಣ್ಣು ಅಗಲ ಆಗಿ ಆ ಲೆಕ್ಕ ಬೀಳುತ್ತೆ, ತೆಳು ಬಿಳಿ ತೋಳಲ್ಲಿ ಕೈಗಡಿಯಾರದ ಗುರುತು ಬಿದ್ದವರು ನನ್ನ ಗುಂಪಲ್ಲೇ ಇದಾರೆ. ಬಣ್ಣ ಇರೋದು ತಗೊಳ್ಳಿ, ಆದ್ರೆ ಕಪ್ಪು ಬೇಡ, ಬೆಳಗಿನ ಜಾವ ಲಾರಿಯವರಿಗೆ ಕಾಣಲ್ಲ.

ಅಂಗಡೀಲಿ ನಾನು ಮಾಡೋದು ಹೇಳ್ತೀನಿ, ಮಾರೋರು ಮುಖ ಗಂಟಿಕ್ಕಿದ್ರೂ ಪರ್ವಾಗಿಲ್ಲ. ಬೆನ್ನಿನ ಬಟ್ಟೇನ ಬಾಯಿಗೆ ಹಿಡಿದು ಊದಿ, ಉಸಿರು ಆಚೆ ಕಡೆ ಅಂಗೈಗೆ ತಾಗಬೇಕು. ಆಮೇಲೆ ಬೆರಳ ತುದೀಲಿ ಒಂದು ಹನಿ ನೀರು ಒಳಮೈಗೆ ಇಡಿ. ಎರಡು ಮೂರು ಸೆಕೆಂಡಲ್ಲಿ ಮಾಯವಾಗಿ ಹೊರಮೈಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಒದ್ದೆ ಕಾಣಿಸಿದ್ರೆ ಅದು ನಿಜವಾದ ಬತ್ತಿ. ಮುತ್ತಿನ ಥರ ಕೂತ್ಕೊಂಡ್ರೆ ಮೇಲೆ ಏನೋ ಫಿನಿಶ್ ಇದೆ, ಬೆವರೂ ಹಂಗೇ ನಿಮ್ಮ ಮೈ ಮೇಲೆ ಕೂರುತ್ತೆ. ಒಂದು ಸಲ ಒಂದು ಅಂಗಡೀಲಿ ಸಾವಿರಾರು ರೂಪಾಯಿ ಕೊಟ್ಟು ತಂದ ಜೆರ್ಸಿ ನಾಲ್ಕು ಒಗೆತಕ್ಕೆ ಬೆವರು ಎಳೆಯೋದು ನಿಲ್ಲಿಸ್ತು, ಆ ಗುಣ ನೂಲಲ್ಲಿರದೆ ಬರೀ ಮೇಲಿನ ಲೇಪನದಲ್ಲಿತ್ತು. ಅದಕ್ಕೇ ಗೆಳೆಯರು ಆರು ತಿಂಗಳು ಹಾಕಿ ಒಗೆದ ಜೆರ್ಸಿ ಮೇಲೆ ಈ ಹನಿ ಪರೀಕ್ಷೆ ಮಾಡಿ ನೋಡಿ, ಹೊಸದರ ಮೇಲೆ ಮಾಡೋದಕ್ಕಿಂತ ಅದು ಸತ್ಯ ಹೇಳುತ್ತೆ.

ಕ್ಲಬ್ ಜೆರ್ಸಿ ಮಾಡಿಸೋರು ಇದನ್ನೂ ನೋಡ್ಕೊಳ್ಳಿ: ಸಬ್ಲಿಮೇಷನ್ ಪ್ರಿಂಟಲ್ಲಿ 200 ಡಿಗ್ರಿ ಆಸುಪಾಸು ಬಿಸೀಲಿ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ಎಳೆ ಒಳಗೇ ಹೋಗುತ್ತೆ, ಬಟ್ಟೆಯ ಕಣ್ಣು ಮುಚ್ಚಲ್ಲ. ರಬ್ಬರ್ ಥರ ಕೈಗೆ ಸಿಗೋ ಪ್ರಿಂಟ್ ಇದ್ರೆ ಆ ಜಾಗ ಸತ್ತಂಗೆ. ಎದೆ ತುಂಬಾ ಸ್ಪಾನ್ಸರ್ ಹೆಸರು ರಬ್ಬರಲ್ಲಿ ಬಡಿದು ಬ್ರೀದಬಲ್ ಅನ್ನೋರಿಗೆ ಏನ್ ಹೇಳೋದು.

ಒಗೆಯೋದು: ತಣ್ಣೀರು, ಒಳಗು ಹೊರಗು ಮಾಡಿ, ಸ್ವಲ್ಪ ಸೋಪು, ನೆರಳಲ್ಲಿ ಒಣಗಿಸಿ. ಘಮಘಮ ಅನ್ನಲಿ ಅಂತ ಕೊನೇ ನೀರಿಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಲೇಬೇಡಿ, ಅದು ಎಳೆಗಳಿಗೆ ಮೇಣ ಸವರಿದಂಗೆ, ಬತ್ತಿ ಕಟ್ಟುತ್ತೆ. ಈಗಾಗಲೇ ಹಾಕ್ತಿದ್ರೆ ಕಂಡೀಷನರ್ ಇಲ್ಲದೆ ಎರಡು ಮೂರು ಸಲ ಚೆನ್ನಾಗಿ ಜಾಲಿಸಿ, ಹೆಚ್ಚುಕಮ್ಮಿ ಸರಿ ಹೋಗುತ್ತೆ. ಬ್ಲೀಚು, ಬಿಸಿನೀರು ಲೈಕ್ರಾಗೆ ವಿಷ.

ಇನ್ನು ತೋಳು ಉದ್ದ. ಒಂದು ಸೈಜ್ ದೊಡ್ಡದು ಬೇಡ. ಬಟ್ಟೆ ಮೈಗೆ ತಾಗಿದ್ರೆ ಮಾತ್ರ ಬೆವರು ಎಳೆಯೋದು, ಭುಜ ಕಂಕುಳಲ್ಲಿ ಸಡಿಲ ಇದ್ರೆ ಇಳಿಯುವಾಗ ಪಟಪಟ ಬಡ್ಕೊಂಡು ಒದ್ದೆ ಬಟ್ಟೆ ಪ್ರತಿ ಸಲ ತಣ್ಣಗೆ ಮುಟ್ಟುತ್ತೆ. ನಿಮ್ಮ ಸೈಜಿಂದೇ ಹಾಫ್ ಸ್ಲೀವ್ ಜೆರ್ಸಿ ತಗೊಂಡು, ಜೊತೆಗೆ ಉದ್ದ ಕೈಯವರ ಅಳತೇಲಿ ಆರ್ಮ್ ಸ್ಲೀವ್ (ಬೇರೆಯಾಗಿ ಹಾಕ್ಕೊಳ್ಳೋ ತೋಳು) ತಗೊಳ್ಳಿ, ಹತ್ತುವಾಗ ಮಣಿಕಟ್ಟಿಗೆ ಜಾರಿಸಿ, ಇಳಿಯುವಾಗ ಮೇಲೆಳ್ಕೊಳ್ಳಿ. ಇಲ್ಲ, ಫುಲ್ ಸ್ಲೀವೇ ಬೇಕು ಅಂದ್ರೆ ಅಂಗಡೀಲಿ ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಬೇಡಿ, ಕುರ್ಚಿ ಬೆನ್ನನ್ನ ಹ್ಯಾಂಡಲ್ ಥರ ಹಿಡಿದು ಬಗ್ಗಿ ನೋಡಿ, ಆ ಭಂಗೀಲಿ ತೋಳಿನ ತುದಿ ಮಣಿಕಟ್ಟಿನ ಮೂಳೆ ಮುಚ್ಚಿದ್ರೆ ಸಾಕು. ಮುಚ್ಚದಿದ್ರೆ ಅಳತೆ ಕೊಟ್ಟು ಹೊಲಿಸಿ, ಕ್ಲಬ್‌ಗಳಿಗೆ ಜೆರ್ಸಿ ಹೊಲಿಯೋರಲ್ಲಿ ಕೆಲವರು ತೋಳಿಗೆ ಎರಡು ಇಂಚು ಸೇರಿಸಿ ಕೊಡ್ತಾರೆ, ಕೇಳಿ ನೋಡಿ.